ಮೆದುಳಿನ ಸ್ಕ್ಯಾನ್ ಮಾಡಿಸಿದರೆ ಬೈಪೋಲಾರ್ ಕಾಯಿಲೆ ಹೌದೋ ಅಲ್ಲವೋ ಎಂದು ತಿಳಿಯುತ್ತದೆಯೇ?

ಬದಿಯಡ್ಕದ ಅಕ್ಕ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 24 ವರ್ಷ. ಡಿಗ್ರಿಯ ಕೊನೆಯ ವರ್ಷದಲ್ಲಿ ಒಮ್ಮೆ, ಅದಾಗಿ ಒಂದೂವರೆ ವರ್ಷಕ್ಕೆ ಇನ್ನೊಮ್ಮೆ, ಅವನು ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬಾರದೆ, ಊಟ ಸ್ನಾನ ಬಿಟ್ಟು, ಯಾರೊಡನೆಯೂ ಮಾತಾಡದೆ ಮಲಗಿಬಿಟ್ಟಿದ್ದ. ಎರಡು ಸಲವೂ ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಎರಡನೆಯ ಸಲ ಮಾತ್ರೆ ಶುರುವಾದ ಐದನೆಯ ವಾರಕ್ಕೆ ಅವನು ಎದ್ದು ಕುಳಿತಾಗ ಮನೆಯವರೆಲ್ಲ ದೇವರಿಗೆ ಕೈಮುಗಿದೆವು. ಆದರೆ ಆಮೇಲಿನ ಹತ್ತು ದಿನ ಅವನು ಎರಡು ಮೂರು ಗಂಟೆ ಮಾತ್ರ ನಿದ್ದೆ ಮಾಡಿ, ನಡುರಾತ್ರಿ ಅಡಿಕೆ ಸುಲಿಯುವ ಯಂತ್ರಗಳನ್ನು ತರಿಸಿ ಬಾಡಿಗೆಗೆ ಕೊಡುವ ಲೆಕ್ಕ ಬರೆಯುತ್ತ, ಬೆಳಗಾದರೆ ಸಾಲದ ಅರ್ಜಿ ಹಿಡಿದು ಓಡಾಡುತ್ತ, ಅಡ್ಡ ಬಂದ ಅಪ್ಪನ ಮೇಲೆ ಹರಿಹಾಯುತ್ತ ಇದ್ದ. ಈಗ ಸ್ವಲ್ಪ ತಣ್ಣಗಾಗಿದ್ದಾನೆ. ಡಾಕ್ಟರು ಆ ಮಾತ್ರೆಯನ್ನು ನಿಲ್ಲಿಸಿ, ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಕುಸಿದು ಇನ್ನೊಮ್ಮೆ ಮಿತಿಮೀರಿ ಏರುವ ಕಾಯಿಲೆ, ಇರಬಹುದು, ನೋಡೋಣ ಎಂದಿದ್ದಾರೆ.

ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ, ಮೆದುಳಿನ ಸ್ಕ್ಯಾನಿನಿಂದ ಈ ಕಾಯಿಲೆಯನ್ನು ಪತ್ತೆ ಮಾಡಬಹುದು ಎಂಬ ಸುದ್ದಿಯನ್ನು ಕಳುಹಿಸಿದ್ದಾನೆ. ವಿಚಾರಿಸಿದಾಗ ಒಂದು ಕೇಂದ್ರದವರು ‘ಬ್ರೇನ್ ಮ್ಯಾಪಿಂಗ್’ ಮಾಡಿ ಖಚಿತವಾಗಿ ಹೇಳುತ್ತೇವೆ, 18 ಸಾವಿರ ರೂಪಾಯಿ ಆಗುತ್ತದೆ ಎಂದರು. ನಮ್ಮ ಡಾಕ್ಟರು ಅದು ಬೇಡ ಎನ್ನುತ್ತಾರೆ. ಅವರು ಒಳ್ಳೆಯವರೇ, ಆದರೆ ನಮ್ಮದು ಕೇರಳಕ್ಕೆ ಸೇರಿದ ಕಾಸರಗೋಡು, ಅವರಿಗೆ ಬರುವುದು ಮಲಯಾಳ. ಅಮ್ಮನಿಗೆ ಮನೆಮಾತಿನ ಕನ್ನಡ ಮತ್ತು ತುಳು ಬಿಟ್ಟರೆ ಬೇರೆ ಬಾರದು. ನಾನು ನಡುವೆ ಕುಳಿತು ಅರ್ಧ ಹೇಳಿ ಅರ್ಧ ನುಂಗುತ್ತೇನೆ. ಯಂತ್ರಕ್ಕೆ ಯಾವ ಭಾಷೆಯೂ ಬೇಡವಲ್ಲ ಎಂಬ ಆಸೆಯಿಂದಲೇ ಕೇಳುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ತಿಳಿದವರು ದಯವಿಟ್ಟು ಹೇಳಿ.

ಸ್ಕ್ಯಾನ್ ಕೋಣೆ (ಸೋಮವಾರ, ರಾತ್ರಿ 10.25)

ಅಕ್ಕಾ, ನಾನು ಮಂಜೇಶ್ವರದವನು. ಮಂಗಳೂರಿನಲ್ಲಿ ಎಂಆರ್‌ಐ ಯಂತ್ರದ ಮುಂದೆ ಕುಳಿತು ಹನ್ನೊಂದು ವರ್ಷವಾಯಿತು. ವೈದ್ಯನಲ್ಲ, ಟೆಕ್ನಿಷಿಯನ್. ಆದ್ದರಿಂದ ಯಂತ್ರದ ವಿಷಯವನ್ನಷ್ಟೇ ಹೇಳುತ್ತೇನೆ.

ಸಿಟಿ ಸ್ಕ್ಯಾನಿನಲ್ಲಿ ಎಕ್ಸ್‌ರೇ ಕಿರಣಗಳಿವೆ, ಎಂಆರ್‌ಐಯಲ್ಲಿ ಇಲ್ಲ. ಎಂಆರ್‌ಐ ಎಂದರೆ ಒಂದು ಬಲವಾದ ಅಯಸ್ಕಾಂತ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಶಕ್ತಿಯದ್ದು ಇರುತ್ತದೆ. ದೇಹದಲ್ಲಿರುವ ನೀರಿನ ಹೈಡ್ರೋಜನ್ ಕಣಗಳಿಂದ ಬರುವ ಸಂಕೇತವನ್ನು ಅದು ಚಿತ್ರವಾಗಿ ಮಾಡುತ್ತದೆ. ಅರ್ಧ ಗಂಟೆಯಷ್ಟು ಹೊತ್ತು ಅಲುಗಾಡದೆ ಮಲಗಬೇಕು, ಒಳಗೆ ವಿಪರೀತ ಸದ್ದು. ನೋವು ಏನೂ ಇಲ್ಲ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಸೋಂಕು, ಇಂಥವು ಅದರಲ್ಲಿ ಕಾಣುತ್ತವೆ. ಬೈಪೋಲಾರ್ ಇರುವವರನ್ನೂ ನಾನು ಎಷ್ಟೋ ಸಲ ಮಲಗಿಸಿದ್ದೇನೆ. ಅವರ ವರದಿಯಲ್ಲಿ ಹೆಚ್ಚಾಗಿ ಬರುವುದು ‘ಗಮನಾರ್ಹ ದೋಷ ಕಾಣುವುದಿಲ್ಲ’ ಎಂಬ ಒಂದೇ ಸಾಲು. ರೇಡಿಯಾಲಜಿ ವೈದ್ಯರು ಚಿತ್ರ ನೋಡಿ ‘ಇದು ಬೈಪೋಲಾರ್’ ಎಂದು ಬರೆದುಕೊಟ್ಟದ್ದನ್ನು ಈ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

ಪತ್ರಿಕೆಯಲ್ಲಿ ಬರುವ ಕೆಂಪು ಹಳದಿ ಬಣ್ಣದ ಮೆದುಳಿನ ಚಿತ್ರ ಬೇರೆ ಬಗೆಯದು. ಅದಕ್ಕೆ ಎಫ್‌ಎಂಆರ್‌ಐ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆಯಾಗುವುದನ್ನು ಅಳೆದು, ಮೆದುಳಿನ ಯಾವ ಭಾಗ ಆ ಹೊತ್ತಿಗೆ ಹೆಚ್ಚು ಕೆಲಸ ಮಾಡುತ್ತಿದೆ ಎಂದು ಊಹಿಸುವ ವಿಧಾನ ಅದು. ಆ ಬಣ್ಣ ಮೆದುಳಿನಲ್ಲಿ ಇರುವುದಲ್ಲ, ಲೆಕ್ಕ ಹಾಕಿದ ಮೇಲೆ ಕಂಪ್ಯೂಟರ್ ಬಳಿಯುವ ಬಣ್ಣ. ಇನ್ನು ‘ಬ್ರೇನ್ ಮ್ಯಾಪಿಂಗ್’ ಎಂಬ ಹೆಸರಿನಲ್ಲಿ ಹಲವು ಕಡೆ ಮಾಡುವುದು ಸ್ಕ್ಯಾನೇ ಅಲ್ಲ. ತಲೆಗೆ ತಂತಿ ಅಂಟಿಸಿ, ಮೆದುಳಿನ ವಿದ್ಯುತ್ ಸಂಕೇತವನ್ನು ಅಳೆಯುವ ಇಇಜಿ ತೆಗೆದು ಅದಕ್ಕೆ ಬಣ್ಣ ಕೊಟ್ಟಿರುತ್ತಾರೆ. ಯಾವ ಪರೀಕ್ಷೆ ಎಂಬುದನ್ನು ಮೊದಲು ಬರಹದಲ್ಲಿ ಕೇಳಿಕೊಳ್ಳಿ.

ಅಡಿಕೆ ಮಂಡಿ (ಮಂಗಳವಾರ, ಬೆಳಿಗ್ಗೆ 7.15)

ನನ್ನ ಅನುಭವ ಬೇರೆ. ನನ್ನ ಸೋದರಮಾವನಿಗೆ ಇದೇ ಕಾಯಿಲೆ. ಹದಿನೈದು ವರ್ಷ ಅವರು ತನಗೆ ಏನೂ ಆಗಿಲ್ಲ, ನಿಮಗೆಲ್ಲ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಎರಡು ಸಲ ತೋಟದ ಪಾಲನ್ನು ಮಾರಲು ಹೊರಟದ್ದನ್ನು ನಾವು ರಿಜಿಸ್ಟ್ರಾರ್ ಕಚೇರಿಯ ಬಾಗಿಲಿನಿಂದ ವಾಪಸು ಕರೆತಂದೆವು. ಕೊನೆಗೆ ಒಂದು ಕಡೆ ಎಂಆರ್‌ಐ ಮಾಡಿಸಿದಾಗ ಅದರಲ್ಲಿ ಬಿಳಿ ಚುಕ್ಕೆಗಳು ಕಂಡವು. ‘ನೋಡಿ, ಇಲ್ಲಿದೆ’ ಎಂದು ತೋರಿಸಿದ ಮೇಲೆ ಅವರು ಮಾತ್ರೆ ನುಂಗಲು ಒಪ್ಪಿದರು. ಇವತ್ತಿಗೂ ಆ ಫಿಲ್ಮನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಆದ್ದರಿಂದ ಸ್ಕ್ಯಾನಿನಿಂದ ಪ್ರಯೋಜನವಿಲ್ಲ ಎಂದು ಅಷ್ಟು ಸುಲಭವಾಗಿ ಹೇಳಬೇಡಿ. ಬಾಯಿಮಾತಿಗೆ ಒಪ್ಪದವರು ಚಿತ್ರಕ್ಕೆ ಒಪ್ಪುತ್ತಾರೆ. ಹಣ ಹೋದರೆ ಹೋಗಲಿ, ಒಂದು ಕ್ವಿಂಟಾಲ್ ಅಡಿಕೆಯ ಬೆಲೆಯೂ ಅಲ್ಲ ಅದು.

ಸ್ಕ್ಯಾನ್ ಕೋಣೆ (ಮಂಗಳವಾರ, ಬೆಳಿಗ್ಗೆ 8.02)

ಮಂಡಿಯಣ್ಣ, ನಿಮ್ಮ ಮಾವ ಮಾತ್ರೆ ನುಂಗಿದ್ದು ಸಂತೋಷದ ವಿಷಯ. ಆದರೆ ಬಿಳಿ ಚುಕ್ಕೆಗಳ ವಿಷಯ ಹೇಳಲೇಬೇಕು. ಬೈಪೋಲಾರ್ ಇರುವವರ ಗುಂಪಿನಲ್ಲಿ ಅವು ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತವೆ ಎಂಬುದು ನಿಜ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಮೈಗ್ರೇನ್, ಬರೀ ವಯಸ್ಸು, ಇವುಗಳಿಂದಲೂ ಅವೇ ಚುಕ್ಕೆಗಳು ಬರುತ್ತವೆ. ಅರುವತ್ತು ದಾಟಿದವರಲ್ಲಿ ಚುಕ್ಕೆಯೇ ಇಲ್ಲದ ಮೆದುಳು ಸಿಗುವುದು ಕಡಿಮೆ. ಆ ಫಿಲ್ಮಿನಲ್ಲಿ ನಿಮ್ಮ ಮಾವ ನೋಡಿದ್ದು ಅವರ ಬಿಪಿಯನ್ನೂ ಇರಬಹುದು.

ಮಧೂರು ಮೇಷ್ಟ್ರು (ಮಂಗಳವಾರ, ಮಧ್ಯಾಹ್ನ 3.30)

ಬದಿಯಡ್ಕದ ಮಗಳೇ, ನಾನು ನಿವೃತ್ತ ಶಾಲಾ ಮಾಸ್ತರ. ಈ ಕಾಯಿಲೆಯನ್ನು ಹೊತ್ತುಕೊಂಡೇ ಮೂವತ್ತು ವರ್ಷ ಪಾಠ ಹೇಳಿದವನು. ನನ್ನ ಕತೆಯಲ್ಲಿಯೂ ಒಂದು ಸ್ಕ್ಯಾನ್ ಇದೆ.

ಮೊದಲ ಎಂಟು ವರ್ಷ ನನ್ನದು ಬರೀ ಖಿನ್ನತೆ ಎಂದೇ ಎಲ್ಲರೂ ತಿಳಿದಿದ್ದರು. ಏಕೆಂದರೆ ನಾನು ಡಾಕ್ಟರ ಬಳಿಗೆ ಹೋಗುತ್ತಿದ್ದುದು ಮಲಗಿದಾಗ ಮಾತ್ರ. ಏರಿದ ಕಾಲದಲ್ಲಿ ಯಾರು ಡಾಕ್ಟರ ಬಳಿಗೆ ಹೋಗುತ್ತಾರೆ? ಆಗ ಲೋಕದಲ್ಲಿ ನನಗಿಂತ ಆರೋಗ್ಯವಂತ ಇನ್ನೊಬ್ಬನಿಲ್ಲ ಎಂದು ಅನಿಸುತ್ತದೆ. ಒಂದು ಬೇಸಗೆ ರಜೆಯಲ್ಲಿ ನಾನು ಇಡೀ ತಾಲೂಕಿನ ಶಾಲೆಗಳಿಗೆ ಯಕ್ಷಗಾನ ಕಲಿಸುವ ಯೋಜನೆ ಹಾಕಿ, ಕೈಯಲ್ಲಿ ಕಾಸಿಲ್ಲದೆ ಹನ್ನೆರಡು ಜೊತೆ ವೇಷಭೂಷಣಕ್ಕೆ ಮುಂಗಡ ಕೊಟ್ಟಿದ್ದೆ. ಮನೆಯವರು ಜ್ಯೋತಿಷ್ಯದ ಪ್ರಶ್ನೆ ಇಡಿಸಿದರು, ನಾಗನಿಗೆ ತಂಬಿಲದ ಪೂಜೆ ಕೊಟ್ಟರು. ಅದನ್ನು ನಾನು ಹೀಗಳೆಯುವುದಿಲ್ಲ. ಅವರಿಗೆ ಗೊತ್ತಿದ್ದ ದಾರಿ ಅದು. ಆಮೇಲೆ ಯಾರೋ ಹೇಳಿದರೆಂದು ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ಆ ಕಾಲಕ್ಕೆ ಅದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ವರದಿ ಸಂಪೂರ್ಣ ಸರಿಯಾಗಿ ಬಂತು. ಅಂದು ಸಂಜೆ ನನ್ನ ಅಣ್ಣ ಅಂಗಳದಲ್ಲಿ ನಿಂತು, ‘ಮೆದುಳು ಸರಿಯಿದೆಯಂತೆ, ಹಾಗಾದರೆ ಇವನು ಇಷ್ಟು ದಿನ ಆಡಿದ್ದು ನಾಟಕ’ ಎಂದ.

ಮಂಡಿಯವರೇ, ಚಿತ್ರಕ್ಕೆ ಒಪ್ಪಿಸುವ ಶಕ್ತಿ ಇದೆ ಎಂದಿರಿ. ಅದು ಹೌದು. ಆದರೆ ಹೆಚ್ಚಿನ ಸಲ ಚಿತ್ರದಲ್ಲಿ ಏನೂ ಕಾಣದೆ ಹೋದಾಗ, ಅದೇ ಶಕ್ತಿ ಕಾಯಿಲೆ ಇಲ್ಲವೆಂದೂ ಒಪ್ಪಿಸುತ್ತದೆ. ನನ್ನ ಅಣ್ಣ ತೀರಿಕೊಳ್ಳುವವರೆಗೂ ಅದೇ ನಂಬಿಕೆಯಲ್ಲಿದ್ದ.

ಉಪ್ಪಳದ ಹುಡುಗ (ಮಂಗಳವಾರ, ರಾತ್ರಿ 11.10)

ನಾನು ಬೆಂಗಳೂರಿನಲ್ಲಿ ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೇಷ್ಟ್ರು ಹೇಳಿದ ವಿಷಯವನ್ನು ಅಂಕಿಗಳಲ್ಲಿ ಇಡಲು ಪ್ರಯತ್ನಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಬೈಪೋಲಾರ್ ಇರುವವರ ಮೆದುಳಿನಲ್ಲಿ ವ್ಯತ್ಯಾಸವೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ಕೂಟವು ಹಲವು ದೇಶಗಳ ಸ್ಕ್ಯಾನುಗಳನ್ನು ಒಟ್ಟು ಸೇರಿಸಿ, 2016ರಲ್ಲಿ 1,710 ರೋಗಿಗಳನ್ನು 2,594 ಆರೋಗ್ಯವಂತರೊಡನೆ ಹೋಲಿಸಿತು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಮತ್ತು ಥಲಾಮಸ್ ಎಂಬ ಭಾಗಗಳು ರೋಗಿಗಳಲ್ಲಿ ಸರಾಸರಿಯಾಗಿ ತುಸು ಚಿಕ್ಕವು, ಮೆದುಳಿನ ಒಳಗಿನ ದ್ರವ ತುಂಬಿದ ಕುಹರಗಳು ತುಸು ದೊಡ್ಡವು. 2018ರಲ್ಲಿ 6,503 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಮೆದುಳಿನ ಹೊರಪದರವು ಮುಂಭಾಗದಲ್ಲಿಯೂ ಕಿವಿಯ ಬದಿಯಲ್ಲಿಯೂ ಸರಾಸರಿ ತೆಳುವಾಗಿರುವುದು ಕಂಡಿತು. ಇಲ್ಲಿ ‘ಸರಾಸರಿ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನೀರ್ಚಾಲಿನ ಒಂದು ತೋಟದ ಅಡಿಕೆಗಿಂತ ಪೆರ್ಲದ ಒಂದು ತೋಟದ ಅಡಿಕೆ ಸರಾಸರಿ ಅರ್ಧ ಗ್ರಾಂ ಹಗುರ ಎಂದಿಟ್ಟುಕೊಳ್ಳಿ. ಎರಡು ಚೀಲ ತೂಗಿದರೆ ವ್ಯತ್ಯಾಸ ನಿಜವಾಗಿ ಕಾಣುತ್ತದೆ. ಆದರೆ ಒಂದೇ ಒಂದು ಅಡಿಕೆಯನ್ನು ಅಂಗೈಯಲ್ಲಿ ಇಟ್ಟು ಇದು ಯಾವ ತೋಟದ್ದು ಎಂದು ಕೇಳಿದರೆ ಮಂಡಿಯಣ್ಣನೂ ಹೇಳಲಾರರು. ಆ ಅಧ್ಯಯನದಲ್ಲಿ ಅತ್ಯಂತ ಹೆಚ್ಚು ವ್ಯತ್ಯಾಸ ಕಂಡ ಜಾಗದಲ್ಲಿಯೂ ಎರಡು ಗುಂಪುಗಳ ಅಳತೆಗಳು ಹೆಚ್ಚುಕಡಿಮೆ ಶೇ. 88ರಷ್ಟು ಒಂದರ ಮೇಲೊಂದು ಬೀಳುತ್ತವೆ.

ಕಂಪ್ಯೂಟರಿಗೆ ಕಲಿಸಿದರೆ ಅದು ಒಂದು ಭಾಗವನ್ನಲ್ಲ, ಇಡೀ ಮೆದುಳನ್ನು ಒಟ್ಟಿಗೆ ನೋಡಿ ಗುರುತಿಸಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಅದೇ ಕೂಟದವರು 13 ಕೇಂದ್ರಗಳ 3,020 ಜನರ ಸ್ಕ್ಯಾನುಗಳ ಮೇಲೆ ಅದನ್ನೂ ಮಾಡಿ ನೋಡಿದರು. ಸರಿಯಾಗಿ ಗುರುತಿಸಿದ್ದು ಸುಮಾರು ಶೇ. 65. ಕಲಿಕೆಯಲ್ಲಿ ಸೇರಿಸದೆ ಇದ್ದ ಹೊಸ ಕೇಂದ್ರದ ಸ್ಕ್ಯಾನುಗಳನ್ನು ಕೊಟ್ಟಾಗ ಅದು ಶೇ. 59ಕ್ಕೆ ಇಳಿಯಿತು. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಈಗ ಆ 65ನ್ನು ನಮ್ಮ ಊರಿಗೆ ತಂದು ನೋಡೋಣ. ಸಾವಿರ ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಇದೆ ಎಂದು ಇಟ್ಟುಕೊಳ್ಳೋಣ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಅಂಕಿ ಇದಕ್ಕಿಂತಲೂ ಕಡಿಮೆ, ಬದುಕಿನಲ್ಲಿ ಎಂದಾದರೂ ಈ ಕಾಯಿಲೆ ಬಂದವರು ಶೇ. 0.5. ಇರಲಿ, ಹತ್ತು ಎಂದೇ ಹಿಡಿಯೋಣ. ಶೇ. 65 ಸರಿ ಹೇಳುವ ಯಂತ್ರ ಆ ಹತ್ತರಲ್ಲಿ ಆರೇಳು ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಮಂದಿಯಲ್ಲಿ ಸುಮಾರು 346 ಮಂದಿಗೆ, ಏನೂ ಇಲ್ಲದಿದ್ದರೂ, ‘ಇದೆ’ ಎಂದು ಹೇಳುತ್ತದೆ. ಅಂದರೆ ಇದೆ ಎಂದು ಚೀಟಿ ಪಡೆದ ನೂರು ಮಂದಿಯಲ್ಲಿ ನಿಜವಾಗಿ ಇರುವವರು ಇಬ್ಬರು.

ಅಕ್ಕನ ತಮ್ಮನ ಪ್ರಶ್ನೆಯಂತೂ ಇನ್ನೂ ಕಠಿಣ. ಅವನು ಆರೋಗ್ಯವಂತನೋ ರೋಗಿಯೋ ಎಂಬುದು ಅಲ್ಲಿ ಪ್ರಶ್ನೆಯಲ್ಲ, ಅದು ಎಲ್ಲರಿಗೂ ಕಂಡಿದೆ. ಬರೀ ಖಿನ್ನತೆಯೋ ಬೈಪೋಲಾರೋ ಎಂಬುದು ಪ್ರಶ್ನೆ. ಜರ್ಮನಿಯ ಮ್ಯೂನ್ಸ್ಟರ್ ಮತ್ತು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾಡಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕೇಳಿತು. ಪ್ರತಿ ಗುಂಪಿನಲ್ಲಿ 58 ಮಂದಿ. ಒಂದೇ ಊರಿನಲ್ಲಿ ಕಲಿಸಿ ಅಲ್ಲಿಯೇ ಪರೀಕ್ಷಿಸಿದಾಗ ಶೇ. 79ರವರೆಗೆ ಸರಿ ಬಂತು, ಒಂದು ಊರಿನಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಪರೀಕ್ಷಿಸಿದಾಗ 69ರ ಹತ್ತಿರಕ್ಕೆ ಇಳಿಯಿತು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಇಂಥ 79. ಕೆಳಗಿನ 69 ಬರುವುದಿಲ್ಲ.

ಅಡಿಕೆ ಮಂಡಿ (ಬುಧವಾರ, ಬೆಳಿಗ್ಗೆ 6.50)

ತಮ್ಮಾ, ಅಡಿಕೆಯ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಿದೆ. ಆದರೂ ಕೇಳುತ್ತೇನೆ. ಈಗ 65 ಇದ್ದದ್ದು ಹತ್ತು ವರ್ಷದಲ್ಲಿ 95 ಆಗಬಾರದೇಕೆ? ಯಂತ್ರಗಳು ಸುಧಾರಿಸುತ್ತವೆ, ಕಂಪ್ಯೂಟರ್ ಈಗ ಎಲ್ಲವನ್ನೂ ಮಾಡುತ್ತದೆ. ಮತ್ತೆ, ಡಾಕ್ಟರ ಬಾಯಿಮಾತಿನ ಪರೀಕ್ಷೆಯೇನು ನೂರಕ್ಕೆ ನೂರು ಸರಿಯೇ? ಮೇಷ್ಟ್ರನ್ನೇ ಎಂಟು ವರ್ಷ ಖಿನ್ನತೆ ಎಂದು ಕೂರಿಸಿದರಲ್ಲ.

ಉಪ್ಪಳದ ಹುಡುಗ (ಬುಧವಾರ, ಬೆಳಿಗ್ಗೆ 9.20)

ಕೊನೆಯ ಮಾತು ನ್ಯಾಯವಾದದ್ದು. ರೋಗ ಶುರುವಾಗಿ ಸರಿಯಾದ ಚಿಕಿತ್ಸೆ ಸಿಗುವವರೆಗೆ ಸರಾಸರಿ ಆರು ವರ್ಷದ ಹತ್ತಿರ ಹೋಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕ ಹೇಳುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಮೆದುಳಿನ ಚಿತ್ರದಲ್ಲಿ ಗುರುತು ಹುಡುಕುತ್ತಿರುವುದು. ಆ ಹುಡುಕಾಟ ದಂಡವಲ್ಲ.

ಆದರೆ ದಾರಿಯಲ್ಲಿ ಮೂರು ನಾಲ್ಕು ಕಲ್ಲುಗಳಿವೆ. ಔಷಧವೇ ಮೆದುಳಿನ ಅಳತೆಯನ್ನು ಬದಲಿಸುತ್ತದೆ. ನಾನು ಹೇಳಿದ 2018ರ ಅಧ್ಯಯನದಲ್ಲಿ ಬೈಪೋಲಾರಿಗೆ ಕೊಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರ ಹೊರಪದರ ಹೆಚ್ಚು ದಪ್ಪ, ಇದೇ ಕಾಯಿಲೆಗೆ ಬಳಸುವ ಅಪಸ್ಮಾರದ (ಫಿಟ್ಸ್) ಗುಂಪಿನ ಔಷಧ ತೆಗೆದುಕೊಳ್ಳುವವರದು ತೆಳು. ಹಾಗಾದರೆ ಯಂತ್ರ ಹಿಡಿದದ್ದು ಕಾಯಿಲೆಯನ್ನೋ ಮಾತ್ರೆಯನ್ನೋ? ಇನ್ನು ಎಫ್‌ಎಂಆರ್‌ಐ ವಿಷಯ. 2020ರಲ್ಲಿ ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು ಲೆಕ್ಕ ಹಾಕಲು ಹೇಳಿದಾಗ, ಯಾವ ಎರಡು ತಂಡಗಳೂ ಒಂದೇ ವಿಧಾನ ಅನುಸರಿಸಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರವೂ ಬೇರೆ ಬೇರೆ ಬಂತು. 2009ರಲ್ಲಿ ಅಮೆರಿಕದ ಕೆಲವರು ಅಂಗಡಿಯಿಂದ ತಂದ ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಸತ್ತ ಮೀನಿನ ಮೆದುಳೂ ‘ಕೆಲಸ ಮಾಡುತ್ತದೆ’ ಎಂದು ತೋರಿಸಿಕೊಟ್ಟರು. ಕುಂಬಳೆಯ ಮೀನು ಮಾರುಕಟ್ಟೆಗೆ ಹೋದಾಗಲೆಲ್ಲ ನನಗೆ ಅದು ನೆನಪಾಗಿ ನಗು ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಯಂತ್ರಕ್ಕೆ ಕಲಿಸಲು ‘ಇವರಿಗೆ ಬೈಪೋಲಾರ್ ಇದೆ, ಇವರಿಗೆ ಇಲ್ಲ’ ಎಂದು ಮೊದಲು ಯಾರಾದರೂ ಹೇಳಬೇಕು. ಹೇಳುವವರು ಅದೇ ಡಾಕ್ಟರು, ಅದೇ ಬಾಯಿಮಾತಿನ ಪರೀಕ್ಷೆಯಿಂದ.

ತಲಪಾಡಿಯಾಚೆ (ಬುಧವಾರ, ರಾತ್ರಿ 10.45)

ನಾನು ಕಾಸರಗೋಡಿನವಳು, ದಕ್ಷಿಣ ಕನ್ನಡದಲ್ಲಿ ಮನೋವೈದ್ಯೆಯಾಗಿ ಕೆಲಸ ಮಾಡುತ್ತಿದ್ದೇನೆ. ಹೆಸರು ಹೇಳದೆ ಬರೆಯುವುದಕ್ಕೆ ಕ್ಷಮೆಯಿರಲಿ. ಅಕ್ಕನ ತಮ್ಮನನ್ನು ನೋಡದೆ ಅವನ ರೋಗದ ಬಗ್ಗೆ ತೀರ್ಪು ಕೊಡಲಾರೆ. ಸಾಮಾನ್ಯ ಸಂಗತಿಗಳನ್ನು ಹೇಳುತ್ತೇನೆ.

ಮೊದಲಿಗೆ, ಸ್ಕ್ಯಾನ್ ಬೇಕಾಗುವ ಸಂದರ್ಭಗಳಿವೆ. ಐವತ್ತು ದಾಟಿದವರಿಗೆ ಬದುಕಿನಲ್ಲೇ ಮೊದಲ ಸಲ ಉನ್ಮಾದ (ಮನಸ್ಸು ಮಿತಿಮೀರಿ ಏರಿದ ಸ್ಥಿತಿ) ಬಂದರೆ, ತಲೆಗೆ ಪೆಟ್ಟು ಬಿದ್ದ ಬಳಿಕ ಸ್ವಭಾವ ಬದಲಾದರೆ, ಫಿಟ್ಸ್ ಬಂದರೆ, ಒಂದು ಬದಿಯ ಕೈಕಾಲು ಸೋತರೆ, ಎಂದೂ ಇಲ್ಲದ ತಲೆನೋವು ವಾಂತಿಯೊಂದಿಗೆ ಬಂದರೆ, ನೆನಪು ಮಸುಕಾದರೆ ನಾವೇ ಎಂಆರ್‌ಐ ಮಾಡಿಸುತ್ತೇವೆ. ಅದು ಬೈಪೋಲಾರನ್ನು ಹುಡುಕಲಿಕ್ಕಲ್ಲ, ಬೈಪೋಲಾರಿನ ವೇಷದಲ್ಲಿ ಬಂದಿರಬಹುದಾದ ಬೇರೆ ಕಾಯಿಲೆಯನ್ನು ಹಿಡಿಯಲಿಕ್ಕೆ. ಕೆಲವು ವರ್ಷಗಳ ಹಿಂದೆ 62 ವರ್ಷದ ಒಬ್ಬರನ್ನು ಮನೆಯವರು ಕರೆತಂದಿದ್ದರು. ಜೀವಮಾನವೆಲ್ಲ ಮಿತಭಾಷಿಯಾಗಿದ್ದ ಮನುಷ್ಯ ಒಮ್ಮೆಲೆ ಕಂಡವರೊಡನೆಲ್ಲ ಪೋಲಿ ಮಾತಾಡಿ ನಗುತ್ತಿದ್ದರು, ದುಡ್ಡು ಹಂಚುತ್ತಿದ್ದರು. ಸ್ಕ್ಯಾನ್ ಮಾಡಿಸಿದಾಗ ಹಣೆಯ ಹಿಂದೆ ಮೆದುಳಿನ ಮುಂಭಾಗವನ್ನು ಒತ್ತುತ್ತಿದ್ದ ಗಡ್ಡೆ ಕಂಡಿತು. ಅವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸಕರು. 24 ವರ್ಷದ ಹುಡುಗನಲ್ಲಿ ಈ ಯಾವ ಸೂಚನೆಯೂ ಇಲ್ಲದಿದ್ದರೆ ಡಾಕ್ಟರು ಸ್ಕ್ಯಾನ್ ಬೇಡವೆಂದದ್ದು ಉದಾಸೀನದಿಂದಲ್ಲ. ಥೈರಾಯ್ಡಿನ ರಕ್ತಪರೀಕ್ಷೆ ಮಾತ್ರ ಬೇಕೇ ಬೇಕು. ಸ್ಟೀರಾಯ್ಡ್ ಮಾತ್ರೆ, ಗಾಂಜಾ ಇತ್ಯಾದಿಗಳ ವಿಷಯವನ್ನೂ ಮುಚ್ಚಿಡದೆ ಹೇಳಬೇಕು.

ಇನ್ನು ರೋಗನಿರ್ಣಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯನ್ನು ರಾಷ್ಟ್ರೀಯವಾಗಿ ಅಥವಾ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡಗಳಿಂದಲೇ ನಿರ್ಧರಿಸಬೇಕು. ಆ ಯಾವ ಮಾನದಂಡದಲ್ಲಿಯೂ ಬೈಪೋಲಾರಿಗೆ ಸ್ಕ್ಯಾನ್ ಇಲ್ಲ. ನಾವು ಕೇಳುವುದು ಏರಿದ ಕಾಲ ಎಷ್ಟು ದಿನ ಇತ್ತು ಎಂದು. ಉನ್ಮಾದವಾದರೆ ಕನಿಷ್ಠ ಒಂದು ವಾರ, ಅದರ ಹಗುರ ರೂಪವಾದ ಹೈಪೊಮೇನಿಯವಾದರೆ ಕನಿಷ್ಠ ನಾಲ್ಕು ದಿನ. ನಿದ್ದೆ ಕಡಿಮೆಯಾಯಿತೇ, ಕಡಿಮೆಯಾದರೂ ದಣಿವಿರಲಿಲ್ಲವೇ? ಇದು ಬಹಳ ಮುಖ್ಯ, ಏಕೆಂದರೆ ಖಿನ್ನತೆಯವರಿಗೂ ನಿದ್ದೆ ಬರುವುದಿಲ್ಲ, ಆದರೆ ಅವರು ದಣಿದಿರುತ್ತಾರೆ. ಮಾತಿನ ವೇಗ, ಹಣದ ಖರ್ಚು, ಹತ್ತಿರದ ರಕ್ತಸಂಬಂಧದಲ್ಲಿ ಯಾರಿಗಾದರೂ ಇತ್ತೇ ಎಂಬುದು. ತಂದೆ ತಾಯಿ ಒಡಹುಟ್ಟಿದವರಲ್ಲಿ ಇದ್ದರೆ ನೂರಕ್ಕೆ ಐದರಿಂದ ಹತ್ತು ಮಂದಿಗೆ ಬರುವ ಸಂಭವ. ಅಕ್ಕನ ತಮ್ಮನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಇದೆ. ಏರಿದ್ದು ಖಿನ್ನತೆಯ ಮಾತ್ರೆಯ ನಂತರ. ಹಾಗಿದ್ದರೆ ಆ ಮಾತ್ರೆಯನ್ನೇ ನೋಡದ ಕಾಲದಲ್ಲಿ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ, ಇಂಥದೇ ಕೆಲವು ದಿನಗಳು ಇದ್ದವೇ? ಇದನ್ನು ಅಮ್ಮನ ಬಳಿ ಕೇಳಿ. ಕೇಳುವುದಾದರೆ ನಿಮ್ಮ ಮನೆಮಾತಿನಲ್ಲಿ, ಅಡುಗೆಮನೆಯಲ್ಲಿ ಕುಳಿತು ಕೇಳಿ.

ನಡುವೆ ಅವನು ಮತ್ತೆ ಕುಸಿದು ಸಾಯುವ ಮಾತಾಡಿದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416, ಕೇರಳದ ದಿಶಾ ಸಹಾಯವಾಣಿ 1056, ಎರಡೂ ಹಗಲು ರಾತ್ರಿ ಸಿಗುತ್ತವೆ.

ಬದಿಯಡ್ಕದ ಅಕ್ಕ (ಶುಕ್ರವಾರ, ರಾತ್ರಿ 9.15)

ಡಾಕ್ಟ್ರೇ, ನೀವು ಹೇಳಿದಂತೆ ಕೇಳಿದೆ. ಹಲಸಿನಕಾಯಿ ಕೊಚ್ಚುತ್ತ ಕುಳಿತಿದ್ದಾಗ ಅಮ್ಮ ನಿಧಾನವಾಗಿ ಹೇಳಿದರು. ಪಿಯುಸಿಗೆ ಸಮನಾದ ಪ್ಲಸ್ ಟು ಓದುವಾಗ, ಓಣಂ ರಜೆಯ ಸುಮಾರಿಗೆ, ಎಂಟು ಹತ್ತು ದಿನ ಅವನು ರಾತ್ರಿಯಿಡೀ ಎಚ್ಚರವಿದ್ದು ಮನೆಯ ಹಿಂದಿನ ಗುಡ್ಡದಲ್ಲಿ ಒಬ್ಬನೇ ಇಂಗುಗುಂಡಿ ತೋಡಿದ್ದನಂತೆ. ಹನ್ನೊಂದು ಗುಂಡಿಗಳು. ಊರಿನವರೆಲ್ಲ ಹೊಗಳಿದ್ದರು. ಆ ಗುಂಡಿಗಳು ಈಗಲೂ ಇವೆ, ನಾನು ಆಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ.

‘ಇದನ್ನು ಡಾಕ್ಟರಿಗೆ ಯಾಕೆ ಹೇಳಲಿಲ್ಲ’ ಎಂದು ಕೇಳಿದೆ. ‘ಕಾಯಿಲೆ ಯಾವಾಗ ಇತ್ತು ಎಂದಲ್ಲವಾ ಅವರು ಕೇಳಿದ್ದು, ಆಗ ಅವನು ಉಷಾರಿದ್ದ’ ಎಂದರು. ನನಗೆ ಒಮ್ಮೆಲೆ ಹೊಳೆಯಿತು. ಈ ಸಲವೂ ಅವನು ಎದ್ದ ಮೂರನೆಯ ದಿನ ಡಾಕ್ಟರ ಬಳಿಗೆ ಹೋದಾಗ ಅಮ್ಮ ಹೇಳಿದ್ದು ಅದೇ ಮಾತು, ‘ಈಗ ಉಷಾರಾಗಿದ್ದಾನೆ’. ಅದನ್ನು ನಾನು ಅನುವಾದ ಮಾಡಲೇ ಇಲ್ಲ. ಮಲಯಾಳದಲ್ಲಿಯೂ ಉಷಾರ್ ಎಂಬ ಮಾತಿದೆಯಲ್ಲ, ಡಾಕ್ಟರು ತಲೆಯಾಡಿಸಿ ನಕ್ಕರು, ಅಮ್ಮನೂ ನಕ್ಕರು, ಮಾತ್ರೆಯನ್ನು ಇನ್ನೊಂದು ತಿಂಗಳಿಗೆ ಬರೆದುಕೊಟ್ಟರು.

ತಲಪಾಡಿಯಾಚೆ (ಶುಕ್ರವಾರ, ರಾತ್ರಿ 10.05)

ಅಕ್ಕಾ, ನಿಮ್ಮ ಅಮ್ಮನ ತಪ್ಪಿಲ್ಲ, ಆ ಡಾಕ್ಟರ ತಪ್ಪೂ ಅಷ್ಟಾಗಿ ಇಲ್ಲ. ನಮ್ಮಲ್ಲಿ ಉಷಾರಿಲ್ಲ ಎಂದರೆ ಕಾಯಿಲೆ, ಆದ್ದರಿಂದ ಉಷಾರಿದ್ದಾನೆ ಎಂದರೆ ಗುಣವಾಗಿದೆ ಎಂದು ಅರ್ಥ. ಏರಿದ ಕಾಲಕ್ಕೂ ಅದೇ ಮಾತು ಸಲ್ಲುತ್ತದೆ. ನಾನು ಈಗ ಯಾರಾದರೂ ‘ಉಷಾರಿದ್ದಾರೆ’ ಎಂದರೆ ‘ಎಷ್ಟು ಗಂಟೆಗೆ ಮಲಗಿ ಎಷ್ಟು ಗಂಟೆಗೆ ಎದ್ದರು’ ಎಂದು ಮರುಪ್ರಶ್ನೆ ಹಾಕುತ್ತೇನೆ. ಇದೇ ರೀತಿ ‘ತಲೆಬಿಸಿ’ ಎಂದರೆ ಚಿಂತೆ ಎಂದು ಗೊತ್ತಿಲ್ಲದ ಹೊರಗಿನ ವೈದ್ಯರು ಅದನ್ನು ಜ್ವರವೆಂದೋ ತಲೆನೋವೆಂದೋ ಬರೆದುಕೊಂಡದ್ದೂ ಇದೆ.

ಆ ಇಂಗುಗುಂಡಿಗಳ ವಿಷಯವನ್ನು, ವರ್ಷ, ತಿಂಗಳು, ಎಷ್ಟು ದಿನ, ಎಷ್ಟು ನಿದ್ದೆ ಎಂದು ಒಂದು ಹಾಳೆಯಲ್ಲಿ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಯಾರಿಂದಾದರೂ ಬರೆಸಿ ಕೊಂಡೊಯ್ಯಿರಿ. ಚಿಕಿತ್ಸೆಯ ವಿವರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳಿ ಪಡೆಯುವ ಹಕ್ಕು ಆ ಕಾಯ್ದೆಯಲ್ಲಿಯೇ ಇದೆ, ಕೇಳಲು ಸಂಕೋಚ ಬೇಡ. ಗಡಿ ದಾಟಿ ಮಂಗಳೂರಿಗೇ ಬರಬೇಕೆಂದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ತಲಪಾಡಿಯ ಗಡಿ ಮುಚ್ಚಿದಾಗ ಔಷಧ ಸಿಗದೆ ನಮ್ಮವರು ಪಟ್ಟ ಪಾಡನ್ನು ನಾನು ಮರೆತಿಲ್ಲ. ದೀರ್ಘಕಾಲದ ಕಾಯಿಲೆಗೆ ಮನೆಯ ಹತ್ತಿರ ಒಬ್ಬ ಡಾಕ್ಟರು ಇರಲೇಬೇಕು.

ಅಡಿಕೆ ಮಂಡಿ (ಶನಿವಾರ, ಬೆಳಿಗ್ಗೆ 7.05)

ಹನ್ನೊಂದು ಇಂಗುಗುಂಡಿ! ನನ್ನ ಮಾವ ಒಂದು ವಾರದಲ್ಲಿ ಮೂರು ಬಾವಿಗೆ ಜಾಗ ನೋಡಿಸಿದ್ದು ನೆನಪಾಯಿತು. ಆ ಕಾಲದಲ್ಲಿ ನಾವೂ ಅವರನ್ನು ಹುರುಪಿನ ಮನುಷ್ಯ ಎಂದೇ ಹೇಳುತ್ತಿದ್ದೆವು. ಮಾವನ ಫಿಲ್ಮ್ ಕಪಾಟಿನಲ್ಲಿಯೇ ಇರಲಿ, ನಾನು ಅವರಿಗೆ ಬಿಪಿಯ ವಿಷಯ ಹೇಳುವುದಿಲ್ಲ. ಆದರೆ ಅಕ್ಕಾ, ಆ 18 ಸಾವಿರ ಕೊಡಬೇಡಿ. ಮಲಯಾಳದಲ್ಲಿ ಬರೆಯಲು ಜನ ಬೇಕಿದ್ದರೆ ನಮ್ಮ ಮಂಡಿಯ ಲೆಕ್ಕ ಬರೆಯುವ ಹುಡುಗನಿಗೆ ಎರಡು ಭಾಷೆಯೂ ಚೆನ್ನಾಗಿ ಬರುತ್ತದೆ.

ಬದಿಯಡ್ಕದ ಅಕ್ಕ (ಮುಂದಿನ ಗುರುವಾರ, ರಾತ್ರಿ 8.30)

ಹೋಗಿ ಬಂದೆವು. ಹಾಳೆಯನ್ನು ನನ್ನ ಗೆಳತಿಯೊಬ್ಬಳು ಮಲಯಾಳದಲ್ಲಿ ಬರೆದುಕೊಟ್ಟಳು. ಜೊತೆಗೆ ಅಡುಗೆಮನೆಯ ಕ್ಯಾಲೆಂಡರನ್ನೇ ಕಳಚಿ ಒಯ್ದಿದ್ದೆ, ಏಕಾದಶಿ ಸಂಕಷ್ಟಿಯ ಗುರುತಿನ ಪಕ್ಕದಲ್ಲಿ ಹತ್ತು ದಿನಗಳಿಂದ ಅವನು ಮಲಗಿದ ಎದ್ದ ಹೊತ್ತನ್ನು ಅಮ್ಮ ಬರೆದಿಟ್ಟಿದ್ದರು. ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಗುಂಡಿಗಳ ಬಗ್ಗೆ ತಮ್ಮನನ್ನೇ ಕೇಳಿದರು. ಅವನು ಮೊದಲು ನಾಚಿಕೊಂಡು, ಆಮೇಲೆ ಆ ದಿನಗಳಲ್ಲಿ ಗುದ್ದಲಿ ಹಿಡಿದರೆ ಮಣ್ಣು ತಾನಾಗಿ ಎದ್ದು ಬರುವಂತೆ ಅನಿಸುತ್ತಿತ್ತು ಎಂದು ಅವನಿಗೆ ಬರುವ ಮಲಯಾಳದಲ್ಲಿಯೇ ಹೇಳಿದ. ಬೈಪೋಲಾರ್ ಎಂದು ಚೀಟಿಯಲ್ಲಿ ಬರೆದರು. ಅಮ್ಮ ಕಣ್ಣೀರು ಹಾಕಿದರು, ತಮ್ಮ ಹಾಕಲಿಲ್ಲ. ಹೆಸರು ಸಿಕ್ಕಿದ್ದರಿಂದ ಅವನಿಗೆ ಹಗುರವಾದಂತೆ ನನಗೆ ಕಂಡಿತು.

ಸ್ಕ್ಯಾನ್ ಇಲ್ಲ. ಥೈರಾಯ್ಡ್ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ, ಲಿಥಿಯಂ ಶುರು ಮಾಡಿದ್ದಾರೆ. ಐದು ದಿನಗಳ ನಂತರ ರಕ್ತದಲ್ಲಿ ಅದರ ಮಟ್ಟ ನೋಡಬೇಕಂತೆ. ಮೇಷ್ಟ್ರೇ, ನೀವೂ ಇದೇ ಮಾತ್ರೆ ತೆಗೆದುಕೊಂಡವರಾದರೆ ಹೇಳಿ, ಬೇಸಗೆಯಲ್ಲಿ ತೋಟದ ಕೆಲಸ ಮಾಡಬಹುದೇ? ಅವನಿಗೆ ಅದೊಂದೇ ಚಿಂತೆ.

ಮಧೂರು ಮೇಷ್ಟ್ರು (ಮುಂದಿನ ಗುರುವಾರ, ರಾತ್ರಿ 9.50)

ಮಾಡಬಹುದು ಮಗಳೇ, ನಾನು ಮಾಡಿದ್ದೇನೆ. ಆದರೆ ಎಚ್ಚರ ಬೇಕು. ಲಿಥಿಯಂ ಒಂದು ಬಗೆಯ ಉಪ್ಪು. ಬೆವರಿ ಮೈಯ ನೀರು ಆರಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆದ್ದರಿಂದ ನೀರು ಧಾರಾಳ ಕುಡಿಯಬೇಕು, ಊಟದಲ್ಲಿ ಉಪ್ಪನ್ನು ಒಮ್ಮೆಲೆ ಕಡಿಮೆ ಮಾಡಬಾರದು. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬಾರದು, ಅವೂ ಮಟ್ಟವನ್ನು ಏರಿಸುತ್ತವೆ. ವಾಂತಿ ಭೇದಿಯಾದರೆ, ಕೈ ಜೋರಾಗಿ ನಡುಗಿದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ಅದೇ ದಿನ ಡಾಕ್ಟರ ಬಳಿಗೆ ಹೋಗಬೇಕು. ಪರೀಕ್ಷೆಗೆ ರಕ್ತ ಕೊಡಲು ಹೋಗುವ ದಿನ, ಹಿಂದಿನ ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಆಗಿರಬೇಕು, ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಲಿ. ಮೊದಲ ಸಲ ನಾನು ಮಾತ್ರೆ ನುಂಗಿಯೇ ಹೋಗಿ, ಮಟ್ಟ ತಪ್ಪು ಬಂದು, ಮರುದಿನ ಮತ್ತೆ ಮೊದಲ ಬಸ್ಸು ಹಿಡಿಯಬೇಕಾಯಿತು.